ತೆರೆಯ ಹಿಂದಿನ ಗರ್ಭಗುಡಿ: ವಿಲಿಯಂ ಬ್ಲೇಕ್‌ನ ಕಾವ್ಯದಲ್ಲಿ ಗೂಢಪಂಥಗಳು ಮತ್ತು ಕಾಮ

ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿರುವ ಮೊರೇವಿಯನ್ ಚರ್ಚಿನ ಪತ್ರಾಗಾರದಲ್ಲಿ 1750ರ ಒಂದು ಕಾಗದವಿದೆ. ಸೋಹೊ ಪ್ರದೇಶದ ಕಾಲುಚೀಲ ವ್ಯಾಪಾರಿ ಥಾಮಸ್ ಆರ್ಮಿಟೇಜ್‌ನ ಹೆಂಡತಿ ಕ್ಯಾಥರೀನ್, ತನ್ನನ್ನು ಸಭೆಗೆ ಸೇರಿಸಿಕೊಳ್ಳಬೇಕೆಂದು ಬೇಡಿ ಅದನ್ನು ಬರೆದಳು. ಹೆಚ್ಚು ಓದಿದವಳ ಬರಹವಲ್ಲ. ಕಾಗುಣಿತ ತಪ್ಪಿದೆ, ವಾಕ್ಯಗಳು ಒಂದರೊಳಗೊಂದು ಹರಿದುಹೋಗಿವೆ. ಹಿಂದಿನ ಶುಕ್ರವಾರ ಸಭೆಯವರೆಲ್ಲ ಕೂಡಿ ಉಂಡ ಪ್ರೇಮಭೋಜನದಲ್ಲಿ ರಕ್ಷಕನಾದ ಕ್ರಿಸ್ತನು ತನ್ನ ಗಾಯಗಳನ್ನು ಚೀಪುವ ಭಾಗ್ಯವನ್ನು, ಶಿಲುಬೆಯನ್ನು ಎಂದಿಗಿಂತಲೂ ಬಿಗಿಯಾಗಿ ಅಪ್ಪಿಕೊಳ್ಳುವ ಭಾಗ್ಯವನ್ನು ತನಗೆ ಕರುಣಿಸಿದನೆಂದೂ, ತನ್ನ ದುರ್ಬಲ ದೇಹ ತಾಳಲಾರದಷ್ಟು ಅದು ಹೆಚ್ಚಲೆಂದೂ ಆಕೆ ಹೇಳಿಕೊಳ್ಳುತ್ತಾಳೆ. ಮರುವರ್ಷ ಥಾಮಸ್ ತೀರಿಕೊಂಡ. 1752ರಲ್ಲಿ ಆಕೆ ಅದೇ ವೃತ್ತಿಯ ಜೇಮ್ಸ್ ಬ್ಲೇಕ್‌ನನ್ನು ಮದುವೆಯಾದಳು. ಬ್ರಾಡ್ ಸ್ಟ್ರೀಟಿನ 28ನೇ ನಂಬರಿನ ಮನೆಯಲ್ಲಿ 1757ರ ನವೆಂಬರ್ 28ರಂದು ಹುಟ್ಟಿದ ಅವರ ಮಗನೇ ವಿಲಿಯಂ ಬ್ಲೇಕ್.

ಈ ಶತಮಾನದ ಆರಂಭದಲ್ಲಿ ಕೆರಿ ಡೇವಿಸ್ ಮತ್ತು ಮಾರ್ಷಾ ಕೀತ್ ಶೂಕಾರ್ಡ್ ಎಂಬ ಇಬ್ಬರು ವಿದ್ವಾಂಸರು ಈ ದಾಖಲೆಗಳನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ಕವಿಯ ಮನೆತನದ ಧರ್ಮದ ಬಗ್ಗೆ ಊಹೆಗಳೇ ಹೆಚ್ಚಾಗಿದ್ದವು. ಬ್ಲೇಕ್‌ನ ತಂದೆತಾಯಿ ಅಧಿಕೃತ ಇಂಗ್ಲಿಷ್ ಚರ್ಚಿನ ಹೊರಗಿನವರು, ಬಹುಶಃ ಬ್ಯಾಪ್ಟಿಸ್ಟರು ಎಂದು ಬಹಳ ಕಾಲ ನಂಬಲಾಗಿತ್ತು. ಇ. ಪಿ. ಥಾಂಪ್ಸನ್‌ರಂತಹ ದೊಡ್ಡ ಇತಿಹಾಸಕಾರರು ತಾಯಿಯ ಮನೆತನದ ಹೆಸರಿನ ಒಂದು ಸುಳಿವನ್ನು ಹಿಡಿದು, ಆಕೆ 17ನೇ ಶತಮಾನದ ಬಂಡಾಯದ ಪಂಥವಾದ ಮಗಲ್ಟೋನಿಯನ್ನರ ಕಡೆಯವಳಿರಬಹುದೆಂದು ವಾದಿಸಿದ್ದರು. ಆ ಸುಳಿವು ನಿಲ್ಲಲಿಲ್ಲ. ಈಗ ನಮ್ಮ ಕೈಯಲ್ಲಿರುವುದು ಸುಳಿವಲ್ಲ, ಆಕೆಯದೇ ಕೈಬರಹ. ನನ್ನ ಇಂದಿನ ಮಾತು ಇಲ್ಲಿಂದಲೇ ಹೊರಡಬೇಕು. ಏಕೆಂದರೆ ಬ್ಲೇಕ್‌ನ ಕಾವ್ಯದಲ್ಲಿ ದೈವವೂ ಕಾಮವೂ ಒಂದನ್ನೊಂದು ಬಿಟ್ಟಿರಲಾರದಂತೆ ಬೆಸೆದುಕೊಂಡಿರುವುದು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ, ಅವನ ಹೆತ್ತ ತಾಯಿ ಕ್ರಿಸ್ತನ ಗಾಯವನ್ನು ಮೊಲೆಯಂತೆ ಚೀಪಿದ ಅನುಭವವನ್ನು ನಿಸ್ಸಂಕೋಚವಾಗಿ ಬರೆದಿಟ್ಟಿದ್ದಾಳೆ ಎಂಬ ಸಂಗತಿಗಿಂತ ಗಟ್ಟಿಯಾದ ಆರಂಭ ಇನ್ನೊಂದಿಲ್ಲ.

ಮೊರೇವಿಯನ್ನರು ಯಾರು? ಬೊಹೀಮಿಯದ ಹುತಾತ್ಮ ಯಾನ್ ಹುಸ್‌ನ ಅನುಯಾಯಿಗಳ ಪರಂಪರೆಯವರು. ಕಿರುಕುಳ ತಾಳದೆ ಓಡಿಬಂದ ಅವರಿಗೆ 1722ರಲ್ಲಿ ಸ್ಯಾಕ್ಸನಿಯ ಕೌಂಟ್ ನಿಕೊಲಾಸ್ ಲುಡ್ವಿಗ್ ಫಾನ್ ಜಿಂಜೆಂಡಾರ್ಫ್ ತನ್ನ ಜಮೀನಿನಲ್ಲಿ ನೆಲೆ ಕೊಟ್ಟ. ಹೆರ್ನ್‌ಹುಟ್ ಎಂಬ ಊರು ಹಾಗೆ ಹುಟ್ಟಿತು. ಮುಂದೆ ಜಿಂಜೆಂಡಾರ್ಫನೇ ಅವರ ಗುರುವಾದ. ಅವನ ದೇವತಾಶಾಸ್ತ್ರ ಆ ಕಾಲದ ಪ್ರಾಟೆಸ್ಟೆಂಟ್ ಯುರೋಪಿನಲ್ಲಿ ಅಪೂರ್ವವಾದದ್ದು. ದೇವರು ನಿಜವಾಗಿಯೂ ಮನುಷ್ಯನಾಗಿ ಹುಟ್ಟಿದ್ದರೆ, ಪೂರ್ಣ ಪುರುಷದೇಹದಲ್ಲಿ ಹುಟ್ಟಿದ. ಸುನ್ನತಿಗೆ ಒಳಗಾದ ಆ ದೇಹದ ಅಂಗಾಂಗಗಳೆಲ್ಲ ಪವಿತ್ರವಾದ ಮೇಲೆ ನಮ್ಮ ದೇಹದ ಯಾವ ಅಂಗವೂ ನಾಚಿಕೆಗೆ ಕಾರಣವಲ್ಲ. ಪವಿತ್ರಾತ್ಮವನ್ನು ಅವನು ತಾಯಿ ಎಂದು ಕರೆದ. ಗಂಡಾಗಲಿ ಹೆಣ್ಣಾಗಲಿ ಎಲ್ಲ ಆತ್ಮಗಳೂ ಸ್ತ್ರೀಯೇ, ವರ ಕ್ರಿಸ್ತನೊಬ್ಬನೇ. ಭೂಮಿಯ ಮೇಲಿನ ಗಂಡ ಆ ವರನ ಪ್ರತಿನಿಧಿ ಮಾತ್ರ. ಆದ್ದರಿಂದ ಸತಿಪತಿಗಳ ಕೂಟ ಒಂದು ಆರಾಧನೆ ಎಂದು ಕಲಿಸಿದ. ಶರಣಸತಿ ಲಿಂಗಪತಿ ಭಾವದಲ್ಲಿ ಬೆಳೆದ ಕನ್ನಡಿಗರಿಗೆ ಇದು ಅಪರಿಚಿತವೆನಿಸಲಾರದು. ಎರಡಕ್ಕೂ ಚಾರಿತ್ರಿಕ ಸಂಬಂಧವೇನೂ ಇಲ್ಲ; ಆದರೆ ಇದನ್ನು ವಿಕೃತಿಯೆಂದು ತಳ್ಳಿಹಾಕುವ ಆತುರ ನಮಗಾದರೂ ಬೇಕಿಲ್ಲ.

1740ರ ದಶಕದಲ್ಲಿ ಈ ಭಕ್ತಿ ತುರೀಯಕ್ಕೇರಿತು. ಶಿಲುಬೆಯ ಮೇಲೆ ಈಟಿ ತಿವಿದ ಕ್ರಿಸ್ತನ ಪಕ್ಕೆಯ ಗಾಯ ಆರಾಧನೆಯ ಕೇಂದ್ರವಾಯಿತು. ಅದು ಗರ್ಭ, ಅದು ಮನೆ, ಅದು ಹಾಸಿಗೆ. ಭಕ್ತರು ಅದರೊಳಗೆ ಹೊಕ್ಕು ಮಲಗುವ ಹಾಡುಗಳನ್ನು ಕಟ್ಟಿದರು. ಲಂಡನ್ನಿನ ಫೆಟರ್ ಲೇನಿನ ಸಭೆಯಲ್ಲಿಯೂ ಇಂತಹ ಹಾಡುಗಳು ಇಂಗ್ಲಿಷಿನಲ್ಲಿ ಕೇಳಿಬಂದವು. 1749ರಲ್ಲಿ ಜಿಂಜೆಂಡಾರ್ಫನೇ ಅತಿರೇಕಗಳನ್ನು ಖಂಡಿಸಿ, ಅವುಗಳ ಮುಂದಾಳಾಗಿದ್ದ ಮಗ ಕ್ರಿಶ್ಚಿಯನ್ ರೆನಾಟಸ್‌ನನ್ನು ತನ್ನ ಬಳಿಗೆ ಕರೆಸಿಕೊಂಡು ಕಡಿವಾಣ ಹಾಕಿದ. ನಂತರದ ತಲೆಮಾರು ಆ ಕಾಲದ ಬಗ್ಗೆ ನಾಚಿಕೊಂಡಿತು; ಚರ್ಚು ತನ್ನದೇ ಕಾಗದಪತ್ರಗಳಲ್ಲಿ ಅನೇಕವನ್ನು ನಾಶಮಾಡಿತು. ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಬ್ಲೇಕ್‌ನ ಸುತ್ತ ನಾವು ಎಲ್ಲಿ ಹುಡುಕಿದರೂ ಹೀಗೆ ಯಾರೋ ಹರಿದ, ಅಳಿಸಿದ, ಸುಟ್ಟ ಹಾಳೆಗಳ ಅಂಚು ಕೈಗೆ ಸಿಗುತ್ತದೆ.

ಆದರೆ ದಾಖಲೆ ಎಷ್ಟು ಭಾರ ಹೊರಬಲ್ಲದೋ ಅಷ್ಟನ್ನೇ ಹೊರಿಸಬೇಕು. ಕ್ಯಾಥರೀನ್ ಸಭೆಯ ಸದಸ್ಯೆಯಾಗಿದ್ದದ್ದು ಸುಮಾರು ಒಂದು ವರ್ಷ. ವಿಲಿಯಂ ಹುಟ್ಟುವ ಹೊತ್ತಿಗೆ ಆಕೆ ಅದನ್ನು ಬಿಟ್ಟು ಆರು ವರ್ಷಗಳಾಗಿದ್ದವು. ಆಕೆ ಮಗುವನ್ನು ಮಲಗಿಸುವಾಗ ಯಾವ ಹಾಡು ಹಾಡಿದಳೆಂಬುದಕ್ಕೆ ಸಾಕ್ಷ್ಯವಿಲ್ಲ. 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ನ ಕುರಿಮರಿ, ತೊಟ್ಟಿಲ ಹಾಡು, ಮಗುವಾಗಿ ಬಂದ ದೇವರು, ಎಳೆಯರ ಬಾಯಿಗೆ ಒಗ್ಗುವ ಆ ಸರಳ ಪದಗಳು ಮೊರೇವಿಯನ್ ಮಕ್ಕಳ ಹಾಡುಗಳನ್ನು ನೆನಪಿಸುತ್ತವೆ ಎಂದು ಹೇಳಬಹುದು. ತಾಯಿಯಿಂದ ಮಗನಿಗೆ ಒಂದು ಸಿದ್ಧಾಂತ ಬಂತೆಂದು ಹೇಳಲಾಗದು. ಬಂದದ್ದು ಒಂದು ವಾತಾವರಣ ಎಂದು ನಾನು ಭಾವಿಸುತ್ತೇನೆ: ದೇವರ ಬಗ್ಗೆ ಮಾತನಾಡುವಾಗ ದೇಹದ ಪದಗಳನ್ನು ಬಳಸಲು ಹೆದರದ ಒಂದು ಮನೆ.

ಸ್ವೀಡನ್ನಿನ ಇಮಾನ್ಯುಯೆಲ್ ಸ್ವೀಡನ್‌ಬಾರ್ಗ್‌ನ ವಿಷಯಕ್ಕೆ ಬಂದರೆ ನೆಲ ಹೆಚ್ಚು ಗಟ್ಟಿಯಾಗಿದೆ. ಗಣಿ ಇಲಾಖೆಯ ಅಧಿಕಾರಿಯಾಗಿ, ಖನಿಜ ಮತ್ತು ಅಂಗರಚನಾಶಾಸ್ತ್ರದ ವಿದ್ವಾಂಸನಾಗಿ ಯುರೋಪಿನಲ್ಲಿ ಹೆಸರಾಗಿದ್ದ ಇವನಿಗೆ 1743ರಿಂದ ದರ್ಶನಗಳಾಗತೊಡಗಿದವು. ಆ ದಿನಗಳ ಕನಸುಗಳನ್ನು ಅವನು ದಿನಚರಿಯಲ್ಲಿ ಬರೆದಿಟ್ಟ. ಅದರಲ್ಲಿ ಕ್ರಿಸ್ತನ ದರ್ಶನವೂ ಹೆಣ್ಣಿನ ಸಂಗದ ಕನಸುಗಳೂ ಒಂದೇ ಉಸಿರಿನಲ್ಲಿ ಬರುತ್ತವೆ. 1744ರಲ್ಲಿ ಲಂಡನ್ನಿನಲ್ಲಿದ್ದಾಗ ಅವನು ಫೆಟರ್ ಲೇನಿನ ಅದೇ ಮೊರೇವಿಯನ್ ಸಭೆಗೆ ಹೋಗುತ್ತಿದ್ದ. ಎರಡು ಎಳೆಗಳು ಇಲ್ಲಿ ಒಂದೇ ಛಾವಣಿಯ ಕೆಳಗೆ ಸೇರುವುದು ಕುತೂಹಲದ ಸಂಗತಿ. ಆದರೆ ಆ ದಿನಚರಿ ಅಚ್ಚಾದದ್ದು 1859ರಲ್ಲಿ. ಬ್ಲೇಕ್ ತೀರಿಕೊಂಡದ್ದು 1827ರಲ್ಲಿ. ಅವನು ಅದನ್ನು ಓದಿರಲು ಸಾಧ್ಯವೇ ಇರಲಿಲ್ಲ. ಗೂಢಪಂಥಗಳ ಚರಿತ್ರೆ ಬರೆಯುವವರು ಇಂತಹ ತಾರೀಖುಗಳ ಮೇಲೆ ಹಾರಿಹೋಗುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಬ್ಲೇಕ್ ಓದಿದ ಸ್ವೀಡನ್‌ಬಾರ್ಗ್‌ನ ಗ್ರಂಥಗಳು ನಮಗೆ ಗೊತ್ತಿವೆ. ಅಂಚಿನಲ್ಲಿ ಅವನು ಬರೆದ ಟಿಪ್ಪಣಿಗಳಿರುವ ಪ್ರತಿಗಳೇ ಉಳಿದಿವೆ. ಸ್ವರ್ಗದಲ್ಲಿಯೂ ಮದುವೆಯಿದೆ, ದಾಂಪತ್ಯದ ಸುಖವಿದೆ, ಅಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಒಬ್ಬ ದೇವದೂತನಾಗುತ್ತಾರೆ ಎಂದು ಸ್ವೀಡನ್‌ಬಾರ್ಗ್ ಕಲಿಸಿದ. 1768ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ ದಾಂಪತ್ಯಪ್ರೇಮದ ಗ್ರಂಥದಲ್ಲಿ, ಕೆಲವು ಸಂದರ್ಭಗಳಲ್ಲಿ ಗಂಡಸು ಉಪಪತ್ನಿಯನ್ನು ಇಟ್ಟುಕೊಳ್ಳಬಹುದೆಂದೂ ಬರೆದ. 1757ರಲ್ಲಿ ಆತ್ಮಲೋಕದಲ್ಲಿ ಅಂತಿಮ ತೀರ್ಪು ನಡೆದುಹೋಯಿತೆಂದೂ ಹೊಸ ಸ್ವರ್ಗ ತೊಡಗಿತೆಂದೂ ಸಾರಿದ. ಅದು ಬ್ಲೇಕ್ ಹುಟ್ಟಿದ ವರ್ಷ. 1789ರ ಏಪ್ರಿಲ್‌ನಲ್ಲಿ ಲಂಡನ್ನಿನ ಗ್ರೇಟ್ ಈಸ್ಟ್ ಚೀಪಿನಲ್ಲಿ ಸ್ವೀಡನ್‌ಬಾರ್ಗ್‌ನ ಅನುಯಾಯಿಗಳು ಸೇರಿಸಿದ ಮೊದಲ ಮಹಾಸಭೆಯ ದಾಖಲೆಯಲ್ಲಿ ವಿಲಿಯಂ ಮತ್ತು ಅವನ ಹೆಂಡತಿ ಕ್ಯಾಥರೀನ್ ಬ್ಲೇಕ್ ಇಬ್ಬರ ಸಹಿಗಳಿವೆ. ಕವಿ ತನ್ನ ಜೀವಮಾನದಲ್ಲಿ ಯಾವುದಾದರೂ ಧಾರ್ಮಿಕ ಸಂಸ್ಥೆಯ ಸಭೆಗೆ ಹೋಗಿ ಸಹಿ ಹಾಕಿದ್ದಕ್ಕೆ ನಮಗಿರುವ ಸಾಕ್ಷ್ಯ ಇದೊಂದೇ.

ಅದೇ ವರ್ಷ ಆ ಚರ್ಚು ಉಪಪತ್ನಿಯ ಪ್ರಶ್ನೆಯ ಮೇಲೆಯೇ ಒಡೆಯಿತು. ಸ್ವೀಡನ್‌ಬಾರ್ಗ್‌ನ ಮಾತನ್ನು ಅಕ್ಷರಶಃ ತೆಗೆದುಕೊಂಡವರೆಂದು ಆರು ಮಂದಿಯನ್ನು ಹೊರಹಾಕಿದರು. ಅವರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ಸ್ವೀಡಿಷ್ ಚಿಂತಕ ಕಾರ್ಲ್ ಬರ್ನಾರ್ಡ್ ವಾಡ್‌ಸ್ಟ್ರಾಮ್ ಕೂಡ ಇದ್ದ. ಕಾಮದ ಬಿಡುಗಡೆ, ಗುಲಾಮರ ಬಿಡುಗಡೆ, ಫ್ರಾನ್ಸಿನಲ್ಲಿ ಆಗತಾನೇ ಸ್ಫೋಟಿಸಿದ ಕ್ರಾಂತಿ ಇವೆಲ್ಲ ಆ ಗುಂಪಿನ ಮನಸ್ಸಿನಲ್ಲಿ ಬೇರೆ ಬೇರೆ ವಿಷಯಗಳಾಗಿರಲಿಲ್ಲ. ಜಗಳದ ತಿಂಗಳುಗಳ ನಡಾವಳಿಯ ಹಾಳೆಗಳನ್ನು ಮಾತ್ರ ಯಾರೋ ಪುಸ್ತಕದಿಂದ ಹರಿದು ತೆಗೆದಿದ್ದಾರೆ.

ಬ್ಲೇಕ್ ಇದಕ್ಕೆ ಕೊಟ್ಟ ಉತ್ತರ 1790ರಲ್ಲಿ ಅವನು ತೊಡಗಿದ ‘ದ ಮ್ಯಾರೇಜ್ ಆಫ್ ಹೆವನ್ ಅಂಡ್ ಹೆಲ್’. ಹೊಸ ಸ್ವರ್ಗ ತೊಡಗಿ ಈಗ ಮೂವತ್ತಮೂರು ವರ್ಷವಾಯಿತು ಎನ್ನುತ್ತಾನೆ. ಅದು ಅವನ ವಯಸ್ಸು, ಕ್ರಿಸ್ತ ಶಿಲುಬೆಗೇರಿದ ವಯಸ್ಸೂ ಹೌದು. ಸ್ವೀಡನ್‌ಬಾರ್ಗ್ ಈಗ ಖಾಲಿ ಗೋರಿಯ ಬಳಿ ಕುಳಿತ ದೂತ. ಅವನ ಗ್ರಂಥಗಳು ಮಡಿಸಿಟ್ಟ ಶವವಸ್ತ್ರ. ದೂತರೊಡನೆ ಮಾತ್ರ ಮಾತಾಡಿದ, ಧರ್ಮವನ್ನು ದ್ವೇಷಿಸುವ ದೆವ್ವಗಳೊಡನೆ ಮಾತಾಡಲಿಲ್ಲ, ಆದ್ದರಿಂದ ಹೊಸ ಸತ್ಯ ಒಂದನ್ನೂ ಬರೆಯಲಿಲ್ಲ ಎಂಬುದು ಅವನ ಮೇಲಿನ ಆರೋಪ. ಇದೇ ಕೃತಿಯಲ್ಲಿ ನನ್ನ ವಾದದ ನಡುಗಂಬವಾದ ಒಂದು ಪುಟವಿದೆ. ಏದೆನ್ ತೋಟದ ಬಾಗಿಲಲ್ಲಿ ಉರಿಯುವ ಕತ್ತಿ ಹಿಡಿದು ಜೀವವೃಕ್ಷವನ್ನು ಕಾಯುತ್ತಿರುವ ಕೆರೂಬಿ ಎಂಬ ದೇವದೂತನಿಗೆ ಇನ್ನು ಕಾವಲು ಬಿಟ್ಟುಹೋಗೆಂದು ಆಜ್ಞೆಯಾಗಿದೆ. ಆಗ ಸೃಷ್ಟಿಯೆಲ್ಲ ಅನಂತವಾಗಿ, ಪವಿತ್ರವಾಗಿ ಕಾಣುವುದು. ಇದು ನಡೆಯುವುದು ಇಂದ್ರಿಯಸುಖ ಉತ್ತಮಗೊಳ್ಳುವುದರಿಂದ ಎನ್ನುತ್ತಾನೆ. ಒಡನೆಯೇ ಅವನ ಮಾತು ತನ್ನ ಕಸುಬಿಗೆ ಹೊರಳುತ್ತದೆ: ದೇಹ ಬೇರೆ ಆತ್ಮ ಬೇರೆ ಎಂಬ ಭ್ರಮೆಯನ್ನು ನಾನು ನರಕದ ವಿಧಾನದ ಮುದ್ರಣದಿಂದ ಅಳಿಸುತ್ತೇನೆ, ಮೇಲ್ಮೈಯನ್ನು ಕರಗಿಸಿ ಅಡಗಿದ್ದ ಅನಂತವನ್ನು ತೋರಿಸುತ್ತೇನೆ.

ಇದು ಬರಿಯ ರೂಪಕವಲ್ಲ. ಬ್ಲೇಕ್ ವೃತ್ತಿಯಲ್ಲಿ ಕೆತ್ತನೆಗಾರ. 1788ರ ಸುಮಾರಿಗೆ ಅವನು ತನ್ನದೇ ಒಂದು ವಿಧಾನವನ್ನು ಕಂಡುಕೊಂಡಿದ್ದ. ತಾಮ್ರದ ತಗಡಿನ ಮೇಲೆ ಆಮ್ಲ ತಾಗದಂತಹ ವಾರ್ನಿಷ್‌ನಿಂದ ಪದ್ಯವನ್ನೂ ಚಿತ್ರವನ್ನೂ ಹಿಂದುಮುಂದಾಗಿ ಬರೆದು, ಮೇಲೆ ಆಮ್ಲ ಹೊಯ್ಯುತ್ತಿದ್ದ. ಬರೆಯದ ಭಾಗವನ್ನೆಲ್ಲ ಆಮ್ಲ ತಿಂದುಹಾಕಿದ ಮೇಲೆ ಬರೆದದ್ದು ಉಬ್ಬಾಗಿ ನಿಲ್ಲುತ್ತಿತ್ತು. ಅದಕ್ಕೆ ಮಸಿ ಹಚ್ಚಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಒತ್ತಿ, ಒಂದೊಂದು ಹಾಳೆಗೂ ಬಣ್ಣ ಹಾಕಲಾಗುತ್ತಿತ್ತು. ಈ ಕೆಲಸದಲ್ಲಿ ಹೆಂಡತಿ ಕ್ಯಾಥರೀನ್ ಅವನ ಜೊತೆಗಿದ್ದಳು. ಗೂಢಪಂಥಗಳ ಮೂಲತತ್ತ್ವವೇ ಮುಚ್ಚಿಡುವುದು: ಸತ್ಯ ದೀಕ್ಷೆ ಪಡೆದವರಿಗೆ ಮಾತ್ರ. ಬ್ಲೇಕ್ ಆ ಪಂಥಗಳಿಂದ ಪಡೆದದ್ದು ನಿಜ. ಆದರೆ ಪಡೆದುಕೊಂಡದ್ದರ ಮೇಲಿನ ಮುಚ್ಚಳವನ್ನು ತೆಗೆದುಹಾಕುವುದನ್ನೇ ತನ್ನ ಕಲೆಯ ಕೆಲಸವಾಗಿ ಅವನು ಕಂಡ. ಅವನನ್ನು ಯಾವುದೋ ರಹಸ್ಯಸಂಘದ ದೀಕ್ಷಿತನಂತೆ ಓದುವವರೊಡನೆ ನನ್ನ ಭಿನ್ನಾಭಿಪ್ರಾಯ ಇಲ್ಲಿದೆ.

ಯಹೂದಿಗಳ ಅನುಭಾವ ಪರಂಪರೆಯಾದ ಕಬ್ಬಾಲದ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶೂಕಾರ್ಡ್ ಅವರು ಮೊರೇವಿಯನ್ನರು, ಸ್ವೀಡನ್‌ಬಾರ್ಗ್, ಲಂಡನ್ನಿನ ಬಾಲ್ ಶೆಮ್ ಎಂದು ಹೆಸರಾಗಿದ್ದ ಕಬ್ಬಾಲ ಪಂಡಿತ ಸ್ಯಾಮ್ಯುಯೆಲ್ ಫಾಕ್, ಇವರೆಲ್ಲರನ್ನೂ ಸೇರಿಸಿ ಒಂದು ದೊಡ್ಡ ಬಲೆಯನ್ನು ನೇಯ್ದಿದ್ದಾರೆ. ಶ್ರಮ ದೊಡ್ಡದು, ಎಳೆಗಳ ನಡುವಣ ತೂತುಗಳೂ ದೊಡ್ಡವು. ನಮಗೆ ಖಚಿತವಾಗಿ ಕಾಣುವುದು ಇಷ್ಟು: ‘ಜೆರೂಸಲೆಮ್’ ಕಾವ್ಯದಲ್ಲಿ ಯಹೂದಿಗಳನ್ನು ಸಂಬೋಧಿಸುವಾಗ, ಆದಿಯಲ್ಲಿ ಮನುಷ್ಯನ ಮಹಾಕಾಯದೊಳಗೆ ಸ್ವರ್ಗಭೂಮಿಗಳೆಲ್ಲವೂ ಇದ್ದವೆಂಬುದು ನಿಮ್ಮದೇ ಪರಂಪರೆಯ ಮಾತು ಎಂದು ಬ್ಲೇಕ್ ಹೇಳುತ್ತಾನೆ, ಇದು ಕಬ್ಬಾಲದ ಆದಿಮಾನವನ ಕಲ್ಪನೆ, ಇಂಗ್ಲೆಂಡನ್ನೇ ಒಬ್ಬ ಮಹಾಪುರುಷನಾಗಿಸಿದ ಅವನ ಅಲ್ಬಿಯನ್ ಅದರ ಆಂಗ್ಲ ರೂಪ. ಯಾಕೋಬ್ ಬೋಮೆಯ ಋಣ ಇದಕ್ಕಿಂತ ಸ್ಪಷ್ಟ. ಗೋರ್ಲಿಟ್ಸ್ ಊರಿನಲ್ಲಿ ಚಮ್ಮಾರನಾಗಿದ್ದ ಈ ಅನುಭಾವಿ, ಆದಾಮನು ಮೊದಲು ಗಂಡೂ ಹೆಣ್ಣೂ ಒಂದಾಗಿದ್ದವನೆಂದೂ, ಪತನವೆಂದರೆ ಆ ಒಂದು ಎರಡಾಗಿ ಸೀಳಿದ್ದೆಂದೂ ಬರೆದ. ಬ್ಲೇಕ್‌ನ ಮಹಾಕಾವ್ಯಗಳಲ್ಲಿ ಪ್ರತಿಯೊಬ್ಬ ಪುರುಷನಿಂದ ಬೇರ್ಪಟ್ಟು ಅಲೆಯುವ ಸ್ತ್ರೀರೂಪಗಳ ಮೂಲ ಬಹುಮಟ್ಟಿಗೆ ಇಲ್ಲಿದೆ. 1800ರಲ್ಲಿ ಶಿಲ್ಪಿ ಫ್ಲಾಕ್ಸ್‌ಮನ್‌ಗೆ ಬರೆದ ಪತ್ರದಲ್ಲಿ ವೈದ್ಯನೂ ರಸವಾದಿಯೂ ಆಗಿದ್ದ ಪ್ಯಾರಾಸೆಲ್ಸಸ್ ಮತ್ತು ಬೋಮೆ ತನಗೆ ಕಾಣಿಸಿಕೊಂಡರೆಂದು ಅವನೇ ಹೇಳಿಕೊಂಡಿದ್ದಾನೆ.

ಭಾರತದ ಎಳೆಯೊಂದಿದೆ, ಅದನ್ನು ಅದರ ಅಳತೆಯಲ್ಲಿಯೇ ಇಡಬೇಕು. ಚಾರ್ಲ್ಸ್ ವಿಲ್ಕಿನ್ಸ್‌ನ ಭಗವದ್ಗೀತೆಯ ಇಂಗ್ಲಿಷ್ ಅನುವಾದ 1785ರಲ್ಲಿ ಲಂಡನ್ನಿನಲ್ಲಿ ಹೊರಬಂತು. 1809ರಲ್ಲಿ ಬ್ಲೇಕ್ ತಾನು ಹುಟ್ಟಿದ ಮನೆಯಲ್ಲಿಯೇ ನಡೆಸಿದ ಚಿತ್ರಪ್ರದರ್ಶನದಲ್ಲಿ, ವಿಲ್ಕಿನ್ಸ್ ಬ್ರಾಹ್ಮಣ ಪಂಡಿತರೊಡನೆ ಕುಳಿತು ಗೀತೆಯನ್ನು ಅನುವಾದಿಸುತ್ತಿರುವ ಚಿತ್ರವೊಂದಿತ್ತು. ಚಿತ್ರ ಈಗ ಕಳೆದುಹೋಗಿದೆ. ಕ್ಯಾಟಲಾಗಿನ ವಿವರಣೆ ಮಾತ್ರ ಉಳಿದಿದೆ. ಇದನ್ನು ಹಿಡಿದು ಬ್ಲೇಕ್‌ಗೆ ತಂತ್ರಸಾಧನೆ ಗೊತ್ತಿತ್ತೆಂದು ಹೇಳುವುದು ನಮಗೆ ಹಿತವಾದ ಮಾತಾದೀತು, ನಿಜವಾದ ಮಾತಲ್ಲ.

ಇನ್ನು ಬ್ಲೇಕ್‌ನ ಹೆಂಡತಿ ಕ್ಯಾಥರೀನ್ ಬೂಷೆಯ ವಿಷಯ. ತೋಟಗಾರನೊಬ್ಬನ ಮಗಳಾದ ಆಕೆ 1782ರ ಆಗಸ್ಟ್‌ನಲ್ಲಿ ಬ್ಯಾಟರ್‌ಸೀಯ ಚರ್ಚಿನಲ್ಲಿ ಮದುವೆಯ ಪುಸ್ತಕಕ್ಕೆ ಸಹಿಯ ಬದಲು ಗೀಟು ಹಾಕಿದಳು. ಓದುಬರಹ, ಬಣ್ಣ ಹಾಕುವುದು, ಅಚ್ಚು ಒತ್ತುವುದು ಎಲ್ಲವನ್ನೂ ಗಂಡನಿಂದ ಕಲಿತಳು. ಮಕ್ಕಳಾಗಲಿಲ್ಲ. ಬ್ಲೇಕ್ ಒಮ್ಮೆ ಮನೆಗೆ ಇನ್ನೊಬ್ಬ ಹೆಣ್ಣನ್ನು ತರುವ ಮಾತೆತ್ತಿದನೆಂದೂ, ಕ್ಯಾಥರೀನ್ ಅತ್ತಳೆಂದೂ, ಅವನು ಮಾತನ್ನು ಬಿಟ್ಟನೆಂದೂ ಒಂದು ಕಥೆ 19ನೇ ಶತಮಾನದಿಂದ ಹರಿದುಬಂದಿದೆ. ಕಣ್ಣಾರೆ ಕಂಡವರ ಸಾಕ್ಷ್ಯ ಇದಕ್ಕಿಲ್ಲ. ಇರುವುದು ಬೇರೆ ಒಂದು ದಾಖಲೆ: 1826ರಲ್ಲಿ, ಸಾಯುವ ಹಿಂದಿನ ವರ್ಷ, ಹೆಂಡತಿಯರು ಒಬ್ಬೊಬ್ಬರ ಸೊತ್ತಾಗಿರದೆ ಎಲ್ಲರಿಗೂ ಸೇರಿದವರಾಗಿರಬೇಕೆಂದು ಬೈಬಲ್ಲಿನಿಂದ ಕಲಿತೆನೆಂದು ಬ್ಲೇಕ್ ತನ್ನ ಬಳಿ ಹೇಳಿದನೆಂದು ಅವನ ಪರಿಚಿತ ಹೆನ್ರಿ ಕ್ರ್ಯಾಬ್ ರಾಬಿನ್ಸನ್ ತನ್ನ ದಿನಚರಿಯಲ್ಲಿ ಬರೆದ. ಆ ಮಾತನ್ನು ಇಂಗ್ಲಿಷಿನಲ್ಲಿ ಬರೆಯಲು ಅಂಜಿ ಜರ್ಮನ್ನಿನಲ್ಲಿ ಬರೆದ.

ಇನ್ನೊಬ್ಬ ಹೆಣ್ಣಿನ ಆ ಕಥೆ ನಿಜವೋ ಸುಳ್ಳೋ, ಅದರೊಳಗಿನ ಸಂಕಟ ಕಾವ್ಯದಲ್ಲಿಯೇ ಇದೆ. 1793ರ ‘ವಿಶನ್ಸ್ ಆಫ್ ದ ಡಾಟರ್ಸ್ ಆಫ್ ಅಲ್ಬಿಯನ್’ನಲ್ಲಿ ಊಥೂನ್ ತನ್ನ ಪ್ರಿಯನಾದ ಥಿಯೊಟಾರ್ಮನ್‌ನ ಬಳಿಗೆ ಹೋಗುವ ದಾರಿಯಲ್ಲಿ ಬ್ರೋಮಿಯನ್‌ನ ಅತ್ಯಾಚಾರಕ್ಕೆ ಒಳಗಾಗುತ್ತಾಳೆ. ಬ್ರೋಮಿಯನ್ ಗುಲಾಮರ ಒಡೆಯ. ಹೆಣ್ಣಿನ ದೇಹವೂ ಅಮೆರಿಕದ ನೆಲವೂ ಅವನಿಗೆ ಒಂದೇ ಬಗೆಯ ಆಸ್ತಿ. ಪ್ರಿಯನಾದರೋ ಆಕೆ ಕೆಟ್ಟಳೆಂದು ಕಣ್ಣೀರಿಡುತ್ತ ಕುಳಿತುಬಿಡುತ್ತಾನೆ. ತಾನು ಮೈಲಿಗೆಯಾಗಿಲ್ಲ, ಬದುಕಿರುವುದೆಲ್ಲವೂ ಪವಿತ್ರ ಎಂದು ಸಾರುವ ಊಥೂನಳ ಮಾತುಗಳು ಆ ಶತಮಾನದ ಇಂಗ್ಲಿಷ್ ಕಾವ್ಯದಲ್ಲಿಯೇ ಅತ್ಯಂತ ಧೀರವಾದ ಮಾತುಗಳು. ಆದರೆ ಅದೇ ಆವೇಶದಲ್ಲಿ ಆಕೆ, ರೇಷ್ಮೆಯ ಬಲೆ ಬೀಸಿ ನಿನಗಾಗಿ ಬೆಳ್ಳಿ ಬಂಗಾರದಂತಹ ಹುಡುಗಿಯರನ್ನು ಹಿಡಿದು ತರುತ್ತೇನೆ, ನೀನು ಅವರೊಡನೆ ಕೂಡುವುದನ್ನು ದಂಡೆಯ ಮೇಲೆ ಮಲಗಿ ನೋಡುತ್ತೇನೆ ಎನ್ನುತ್ತಾಳೆ. ಅಸೂಯೆಯನ್ನು ಗೆದ್ದ ಪ್ರೇಮದ ಚಿತ್ರವೆಂದು ಇದನ್ನು ಓದಿಸಲು ಎಷ್ಟೋ ಮಂದಿ ಯತ್ನಿಸಿದ್ದಾರೆ. ಹಿಡಿದು ತಂದ ಆ ಹುಡುಗಿಯರ ಇಚ್ಛೆಯೇನೆಂದು ಪದ್ಯ ಕೇಳುವುದಿಲ್ಲ. ಬಲೆ ಬೀಸಿ ಹಿಡಿಯುವುದು ಬ್ರೋಮಿಯನ್ ಮಾಡಿದ ಕೆಲಸವೇ ಅಲ್ಲವೇ? ಸ್ವೀಡನ್‌ಬಾರ್ಗ್‌ನ ಉಪಪತ್ನಿಯ ಅನುಮತಿಯೂ ಗಂಡಸಿನ ಕಡೆಯಿಂದಲೇ ಬರೆದದ್ದು. ಬ್ಲೇಕ್ ಅದನ್ನು ಹೆಣ್ಣಿನ ಬಾಯಲ್ಲಿ ಹೇಳಿಸಿದನೇ ಹೊರತು ಅದರ ದಿಕ್ಕನ್ನು ಬದಲಿಸಲಿಲ್ಲ. ಅವನನ್ನು ಪ್ರೀತಿಸುವ ಓದುಗರು ಇದನ್ನು ಮುಚ್ಚಿಡಬಾರದು. ಮುಚ್ಚಿಡುವುದನ್ನು ಅವನೇ ಒಪ್ಪುತ್ತಿರಲಿಲ್ಲ.

1797ರ ಸುಮಾರಿಗೆ ತೊಡಗಿ ಹತ್ತು ವರ್ಷಗಳಿಗೂ ಮಿಕ್ಕಿ ತಿದ್ದುತ್ತ, ಕೊನೆಗೆ ಅಚ್ಚು ಮಾಡದೆ ಬಿಟ್ಟ ‘ವೇಲಾ’ ಅಥವಾ ‘ದ ಫೋರ್ ಜೋವಾಸ್’ ಕಾವ್ಯದ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಅಂಚುಗಳಲ್ಲಿ ಪೆನ್ಸಿಲ್ಲಿನಿಂದ ಬರೆದ ಕಾಮಚಿತ್ರಗಳಿವೆ, ಹಲವನ್ನು ಅಳಿಸಲಾಗಿದೆ. ಅಳಿಸಿದ ಕೈ ಯಾವುದೆಂಬುದು ಇತ್ಯರ್ಥವಾಗಿಲ್ಲ. ವಿಶೇಷ ಛಾಯಾಗ್ರಹಣದಿಂದ ಅಳಿಸಿದ ಗೆರೆಗಳು ಮತ್ತೆ ಕಂಡಿವೆ. ಒಂದು ಪುಟದಲ್ಲಿ ಕಿರೀಟ ಧರಿಸಿದ ನಗ್ನ ಸ್ತ್ರೀಯೊಬ್ಬಳಿದ್ದಾಳೆ. ಅವಳ ಯೋನಿಯ ಜಾಗದಲ್ಲಿ ಸಣ್ಣ ದೇಗುಲದಂತಹ, ಬಲಿಪೀಠದಂತಹ ಆಕೃತಿ. ಹೆಣ್ಣಿನ ದೇಹವನ್ನು ದೇವಾಲಯವೆಂದು ಪೂಜಿಸುವ ಗೂಢಪಂಥದ ಗುರುತು ಇದು ಎಂದು ಶೂಕಾರ್ಡ್ ಅವರ ಜಾಡಿನಲ್ಲಿ ಓದುವವರಿಗೆ ಅನಿಸುವುದು ಸಹಜ. ಯೆರೂಸಲೇಮಿನ ದೇವಾಲಯದ ಅತಿಪವಿತ್ರಸ್ಥಾನದಲ್ಲಿ ಎರಡು ಕೆರೂಬಿಗಳು ಗಂಡುಹೆಣ್ಣಿನಂತೆ ಅಪ್ಪಿಕೊಂಡಿದ್ದವೆಂದೂ, ಹಬ್ಬದ ದಿನ ತೆರೆ ಸರಿಸಿ ಅದನ್ನು ಯಾತ್ರಿಕರಿಗೆ ತೋರಿಸುತ್ತಿದ್ದರೆಂದೂ ಯಹೂದಿಗಳ ಧರ್ಮಗ್ರಂಥವಾದ ತಾಲ್ಮೂದಿನಲ್ಲಿಯೇ ಒಂದು ಮಾತಿದೆ.

ಆದರೆ ಬ್ಲೇಕ್ ದೇಗುಲದ ಚಿತ್ರವನ್ನು ಬಳಸಿದಲ್ಲೆಲ್ಲ ಏನು ಹೇಳುತ್ತಾನೆಂಬುದನ್ನು ನೋಡಬೇಕು. ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ನಲ್ಲಿ ಪ್ರೇಮದ ತೋಟದ ನಡುವೆ ಎದ್ದ ಚರ್ಚಿನ ಬಾಗಿಲ ಮೇಲೆ ‘ಕೂಡದು’ ಎಂದು ಬರೆದಿದೆ. ಅವನ ನೋಟ್‌ಬುಕ್ಕಿನ ಇನ್ನೊಂದು ಪದ್ಯದಲ್ಲಿ ಯಾರೂ ಒಳಹೋಗಲು ಧೈರ್ಯಮಾಡದ ಬಂಗಾರದ ದೇಗುಲದ ಕದವನ್ನು ಸರ್ಪವೊಂದು ಮುರಿದು ನುಗ್ಗಿ, ರೊಟ್ಟಿಯ ಮೇಲೂ ದ್ರಾಕ್ಷಾರಸದ ಮೇಲೂ ವಿಷ ಕಾರುತ್ತದೆ. ಹೇಳುವವನು ಅಲ್ಲಿಂದ ತಿರುಗಿ ಹಂದಿಗೂಡಿಗೆ ಹೋಗಿ ಹಂದಿಗಳ ನಡುವೆ ಮಲಗುತ್ತಾನೆ. ದೇಹ ಗುಡಿಯಾದೊಡನೆ ಅದಕ್ಕೆ ಕದ ಬರುತ್ತದೆ, ಕದವಿದ್ದಲ್ಲಿ ಅದನ್ನು ಮುರಿಯುವವನು ಹುಟ್ಟುತ್ತಾನೆ. ಕೊನೆಗೆ, ಸುಮಾರು 1804ರಿಂದ 1820ರವರೆಗೆ ನೂರು ತಗಡುಗಳಲ್ಲಿ ಕೆತ್ತಿದ ‘ಜೆರೂಸಲೆಮ್’ನ 69ನೇ ತಗಡಿನಲ್ಲಿ ಅವನು ಇದನ್ನು ಬಿಚ್ಚಿ ಹೇಳುತ್ತಾನೆ: ಅಪ್ಪುಗೆಯೆಂದರೆ ತಲೆಯಿಂದ ಪಾದದವರೆಗೂ ಇಬ್ಬರು ಬೆರೆಯುವುದು, ರಹಸ್ಯಸ್ಥಾನವೊಂದರಿಂದ ಆಡಂಬರದ ಮಹಾಯಾಜಕನೊಬ್ಬ ಒಳಹೋಗುವುದಲ್ಲ. ವರ್ಷಕ್ಕೊಮ್ಮೆ ಮಹಾಯಾಜಕನೊಬ್ಬನೇ ಪ್ರವೇಶಿಸಬಹುದಾಗಿದ್ದ ಅತಿಪವಿತ್ರಸ್ಥಾನವನ್ನೇ ಈ ಸಾಲು ಸೂಚಿಸುತ್ತದೆ. ಕಾಮವನ್ನು ಪಾಪವೆಂದ ಚರ್ಚಿಗೆ ಮಾತ್ರವಲ್ಲ, ಕಾಮವನ್ನು ರಹಸ್ಯವಿಧಿಯಾಗಿಸಿದ ಪಂಥಗಳಿಗೂ ಇದು ಉತ್ತರ. ಹಸ್ತಪ್ರತಿಯ ಆ ಕಿರೀಟಧಾರಿಣಿಯನ್ನು ಈ ಸಾಲಿನ ಬೆಳಕಿನಲ್ಲಿ ನೋಡಿದರೆ, ಅವಳು ಪೂಜೆಗೆ ನಿಂತ ದೇವಿಯಾಗಿ ನನಗೆ ಕಾಣುವುದಿಲ್ಲ. ಇಡೀ ಮೈಯಲ್ಲಿ ಹರಡಿರಬೇಕಾಗಿದ್ದ ಪಾವಿತ್ರ್ಯವನ್ನು ಒಂದೇ ಬಾಗಿಲ ಹಿಂದೆ ಕೂಡಿಹಾಕಿ ಬೀಗ ಹಾಕಲ್ಪಟ್ಟ ಹೆಣ್ಣಾಗಿ ಕಾಣುತ್ತಾಳೆ.